ನಮ್ಮ ಹೊಲದ ಕಾಯಿ, ನಮ್ಮಕ್ಕನಿಗೆ ಕೂಲಿ: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರಿಗೆ,

ಧಾರವಾಡ, ಗದಗ ಜಿಲ್ಲೆಗಳ ಗಡಿಯ ಎರೆಹೊಲದ ಒಂದು ಊರಿನಿಂದ ನಮಸ್ಕಾರಗಳು. ನನ್ನದು ನಾಲ್ಕು ಎಕರೆ ಒಣಬೇಸಾಯ. ಮಳೆ ನಂಬಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತೇನೆ. ಅಪ್ಪನೂ ಇದನ್ನೇ ಬೆಳೆದ, ಅಜ್ಜನೂ ಇದನ್ನೇ ಬೆಳೆದ. ಇಷ್ಟು ವರ್ಷ ಕಚೇರಿಗಳಿಗೆ ಅರ್ಜಿ ಕೊಟ್ಟಿದ್ದೇನೆ. ಹೀಗೆ ಎಲ್ಲರೂ ಓದುವಂತೆ ಪತ್ರ ಬರೆದಿರಲಿಲ್ಲ. ಈ ಸಲ ತಡೆಯಲಾಗಲಿಲ್ಲ.

ಕೇಳುವುದು ಒಂದೇ. ನಮ್ಮ ಹೋಬಳಿಗೆ, ಬೆಳೆಗಾರರೇ ಸೇರಿ ನಡೆಸುವ ಒಂದು ಮೆಣಸಿನಕಾಯಿ ಸಂಸ್ಕರಣಾ ಘಟಕ ಬೇಕು. ಕಾಯಿ ಒಣಗಿಸಲು ಸಿಮೆಂಟಿನ ಕಣ ಮತ್ತು ಸೋಲಾರ್ ಡ್ರೈಯರ್, ತುಂಬು (ಕಾಯಿಯ ತೊಟ್ಟು) ಬಿಡಿಸುವ ಯಂತ್ರ, ಪುಡಿ ಮಾಡುವ ಗಿರಣಿ, ತೇವ ಮತ್ತು ಬಣ್ಣ ಅಳೆಯುವ ಸಣ್ಣ ಲ್ಯಾಬು. ಇದಕ್ಕಿಂತ ಹೆಚ್ಚೇನೂ ಬೇಡ.

ಕಳೆದ ಫೆಬ್ರುವರಿಯ ಮಾತು ಹೇಳುತ್ತೇನೆ. ಎರಡನೇ ಸಲ ಬಿಡಿಸಿದ ಕಾಯಿಯನ್ನು ಹದಿನೈದು ದಿನ ಕಣದಲ್ಲಿ ಹರವಿ, ರಾತ್ರಿ ಇಬ್ಬನಿ ಬೀಳುವ ಹೊತ್ತಿಗೆ ಗುಡ್ಡೆ ಮಾಡಿ ತಾಡಪತ್ರಿ ಹೊದಿಸಿ, ಬೆಳಿಗ್ಗೆ ಮತ್ತೆ ಹರವಿ ಒಣಗಿಸಿದೆವು. ನಾನೂ ಹೆಂಡತಿಯೂ ಕಣದಲ್ಲೇ ಮಲಗಿದೆವು. ಇಪ್ಪತ್ತೆರಡು ಚೀಲ ತುಂಬಿದವು. ಕೆಲವು ಚೀಲ ಇಲಿ ಕಡಿದು ತೂತಾಗಿದ್ದವು. ಹೆಂಡತಿ ತನ್ನ ಹಳೆಯ ಇಳಕಲ್ ಸೀರೆಯ ಅಂಚು ಹರಿದು ಅವಕ್ಕೆ ತೇಪೆ ಹಾಕಿದಳು.

ಮಾರುಕಟ್ಟೆಯ ಹೆಸರು ಬರೆಯುವುದಿಲ್ಲ. ಖರೀದಿದಾರ ಬಂದ, ಒಂದು ಕಾಯಿ ಮುರಿದ, ಮುಷ್ಟಿಯಲ್ಲಿ ಹಿಡಿದು ಹಿಚುಕಿದ, ‘ತೇವ ಐತಿ’ ಎಂದ. ಮುಗಿಯಿತು. ಮೀಟರ್ ಹಚ್ಚಿ ನೋಡಿರಿ ಎಂದು ಕೇಳಿದೆ. ‘ಒಲ್ಲೆ ಅಂದ್ರ ತಿರುಗಿ ಹೇರಿಕೊಂಡು ಹೋಗು’ ಎಂದರು. ಬಂದ ಗಾಡಿಯ ಬಾಡಿಗೆಯನ್ನೇ ಇನ್ನೂ ಕೊಟ್ಟಿರಲಿಲ್ಲ, ತಿರುಗಿ ಎಲ್ಲಿಂದ ಹೇರಲಿ? ಕೊಟ್ಟುಬಂದೆ. ತೂಕದಲ್ಲಿ ಚೀಲಕ್ಕಿಷ್ಟು ಎಂದು ಸೂಟು (ಕಡಿತ) ಮುರಿದರು, ಮೇಲೆ ಹಮಾಲಿ. ರೈತನಿಗೆ ಕೊಡುವ ಲೆಕ್ಕದ ಪಟ್ಟಿಯಲ್ಲಿ ಕಮಿಷನ್ ಹಿಡಿಯಬಾರದು ಎಂಬ ನಿಯಮ ನಿಮಗೆ ಗೊತ್ತೇ ಇದೆ. ನನ್ನ ಪಟ್ಟಿಯಲ್ಲಿ ಅದು ‘ಇತರೆ ಖರ್ಚು’ ಎಂಬ ಹೆಸರಿನಲ್ಲಿ ಇತ್ತು.

ನಾಲ್ಕು ದಿನ ಬಿಟ್ಟು ಅಕ್ಕನ ಫೋನು ಬಂತು. ಅಕ್ಕನನ್ನು ಕೊಟ್ಟಿರುವುದು ಆ ಪೇಟೆಯ ಮಗ್ಗುಲಿನ ಹಳ್ಳಿಗೆ. ದಿನಾ ಟೆಂಪೋ ಹತ್ತಿ ಹೋಗಿ, ಗೋದಾಮಿನಲ್ಲಿ ಕುಳಿತು ಕಾಯಿಯ ತುಂಬು ಬಿಡಿಸುತ್ತಾಳೆ. ಕೂಲಿ ಕಿಲೋ ಲೆಕ್ಕ. ‘ತಮ್ಮಾ, ನಿಮ್ಮ ಚೀಲ ಇಲ್ಲಿ ಅದಾವ ನೋಡು. ನಾ ಕೊಟ್ಟ ಸೀರಿ ಅಂಚು, ಗುರ್ತ ಹತ್ತೇತಿ’ ಎಂದಳು. ನಮ್ಮ ಹೊಲದ ಕಾಯಿಯ ತುಂಬನ್ನು ನಮ್ಮಕ್ಕ ಬೇರೆಯವರ ಕೂಲಿಯಾಗಿ ಬಿಡಿಸುತ್ತಿದ್ದಳು. ರಾತ್ರಿ ಅವಳ ಅಂಗೈ ಉರಿಯುತ್ತದೆ, ಎಣ್ಣೆ ಹಚ್ಚಿಕೊಂಡು ಮಲಗುತ್ತಾಳೆ, ಮೊಮ್ಮಗನನ್ನು ಎತ್ತಿಕೊಳ್ಳುವುದಿಲ್ಲ.

ಸಚಿವರೇ, ತುಂಬು ಬಿಡಿಸಿದ ಮೇಲೆ ಆ ಕಾಯಿಗೆ ದರ ಬೇರೆ. ಪುಡಿಯಾಗಿ ಪೊಟ್ಟಣ ಸೇರಿದರೆ ಮತ್ತೂ ಬೇರೆ. ಅದರ ಬಣ್ಣ ತೆಗೆದು ಮಾಡುವ ಓಲಿಯೋರೆಸಿನ್ ತಿಂಡಿ ತಿನಿಸಿಗೂ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಬ್ಯಾಡಗಿ ಕಾಯಿಯ ಬೆಲೆ ಇರುವುದೇ ಬಣ್ಣದಲ್ಲಿ, ಖಾರ ಕಡಿಮೆ. ಆ ಬಣ್ಣವನ್ನು ಕಂಪನಿಗಳು ಯಂತ್ರದಲ್ಲಿ ಅಳೆದು ಕೊಳ್ಳುತ್ತವೆ, ನಮ್ಮಿಂದ ಕೊಳ್ಳುವಾಗ ಮಾತ್ರ ಕಣ್ಣಳತೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ (ಇದು ಈ ಸೀಮೆಯದೇ ಬೆಳೆ ಎಂಬ ಸರ್ಕಾರಿ ಗುರುತು) ಬಂತು, ಊರಲ್ಲಿ ಖುಷಿಪಟ್ಟಿದ್ದೆವು. ಆ ಹೆಸರಿನಿಂದ ನನ್ನ ಪಟ್ಟಿಯಲ್ಲಿ ಒಂದು ರೂಪಾಯಿ ಹೆಚ್ಚಾದದ್ದನ್ನು ನಾನು ಕಂಡಿಲ್ಲ.

ಮಣ್ಣಿನ ಕಣದಲ್ಲಿ ಒಣಗಿಸಿದ ಕಾಯಿಗೆ ಬೂಷ್ಟು ಹಿಡಿಯುತ್ತದೆ, ಅದರಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ ಎಂದು ನಿಮ್ಮ ಇಲಾಖೆಯವರೇ ತರಬೇತಿಯಲ್ಲಿ ಹೇಳಿದರು. ಯುರೋಪಿನವರು ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ ದಾಟಿದರೆ ಮಾಲು ಒಳಗೆ ಬಿಡುವುದಿಲ್ಲವಂತೆ. ಸರಿ, ಒಪ್ಪಿದೆ. ನೆಲದಿಂದ ಮೇಲೆ ಒಣಗಿಸಿರಿ ಎಂದರು. ಎಲ್ಲಿ? ನಾಲ್ಕು ಎಕರೆಯವನು ಒಬ್ಬನೇ ಡ್ರೈಯರ್ ಕಟ್ಟಿಸಬಲ್ಲನೇ? ಅದಕ್ಕೇ ಎಲ್ಲರಿಗೂ ಸೇರಿ ಒಂದು ಕೊಡಿ ಎನ್ನುತ್ತಿರುವುದು.

ಹಣವಿಲ್ಲ ಎಂದು ಹೇಳಬೇಡಿ. 2020ರಲ್ಲಿ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ ಬಂತು, ಸಾಮೂಹಿಕ ಘಟಕಕ್ಕೆ ಶೇ 35 ಸಹಾಯಧನ. ಅದೇ ವರ್ಷ ಕೃಷಿ ಮೂಲಸೌಕರ್ಯ ನಿಧಿ ಬಂತು, 2 ಕೋಟಿವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ. ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆಯೂ ಆ ವರ್ಷದ್ದೇ, ಒಂದೊಂದಕ್ಕೆ ಮೂರು ವರ್ಷದಲ್ಲಿ 18 ಲಕ್ಷದವರೆಗೆ ನೆರವು. ನಾವೂ ಒಂದು ಸಂಸ್ಥೆ ಕಟ್ಟಿದೆವು. ಮುನ್ನೂರು ಜನ ಷೇರು ಕಟ್ಟಿದ್ದಾರೆ, ಅದರಲ್ಲಿ ವಿಧವೆಯರೇ ಮೂವತ್ತಕ್ಕೂ ಹೆಚ್ಚು. ಇವತ್ತು ಆ ಸಂಸ್ಥೆ ಮಾಡುತ್ತಿರುವುದು ಗೊಬ್ಬರ ಮಾರುವ ಕೆಲಸ. ಬೆಳೆದದ್ದನ್ನು ಮಾರಲು ಕಟ್ಟಿದ್ದು, ಕೊಳ್ಳುವ ಅಂಗಡಿಯಾಗಿ ಕೂತಿದೆ.

ಘಟಕದ ಅರ್ಜಿ ಮೂರು ಸಲ ತಿರುಗಿ ಬಂತು. ಮೊದಲ ಸಲ ಯೋಜನಾ ವರದಿ ಸರಿಯಿಲ್ಲ ಎಂದರು. ಸಾಲ ಮಾಡಿ ಪಟ್ಟಣದ ಆಡಿಟರ್ ಕಡೆ ಬರೆಸಿದೆವು. ಎರಡನೇ ಸಲ ಜಾಗದ ಉತಾರ (ಪಹಣಿ) ಸಂಸ್ಥೆಯ ಹೆಸರಲ್ಲಿಲ್ಲ ಎಂದರು. ಒಬ್ಬ ಹಿರಿಯರು ತಮ್ಮ ಇಪ್ಪತ್ತು ಗುಂಟೆಯನ್ನು ಸಂಸ್ಥೆಗೆ ಬರೆದುಕೊಟ್ಟರು. ಮೂರನೇ ಸಲ ಬ್ಯಾಂಕಿನವರು ನಿರ್ದೇಶಕರ ಮನೆ ಅಡವು ಕೇಳಿದರು. ನಿರ್ದೇಶಕರಲ್ಲಿ ಇಬ್ಬರಿಗೆ ಇರುವುದು ಮಣ್ಣಿನ ಮನೆ.

2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ಗಾಡಿಗಳು ಸುಟ್ಟವು. ಅದನ್ನು ನಾನು ಸರಿ ಎನ್ನುವುದಿಲ್ಲ. ಆದರೆ ಅಲ್ಲಿದ್ದವರ ಹೊಟ್ಟೆಯ ಉರಿ ನನಗೆ ಗೊತ್ತು. ಕಾಯಿ ಇಟ್ಟರೆ ಬಣ್ಣ ಮಾಸುತ್ತದೆ, ಕೋಲ್ಡ್ ಸ್ಟೋರೇಜಿನಲ್ಲಿಡಲು ಕೈಯಲ್ಲಿ ದುಡ್ಡಿರುವುದಿಲ್ಲ, ಅಂದಿನ ದರಕ್ಕೇ ಕೊಡಬೇಕು.

ಗುಂಟೂರಿನವರಿಗೆ ಸಾಂಬಾರ ಮಂಡಳಿಯದೇ ಸ್ಪೈಸಸ್ ಪಾರ್ಕ್, ಅಂದರೆ ಮಸಾಲೆ ಸಂಸ್ಕರಣೆಯ ದೊಡ್ಡ ಕೇಂದ್ರ, ಇದೆ. ನಾವು ಪಾರ್ಕ್ ಕೇಳುತ್ತಿಲ್ಲ. ಹೋಬಳಿಗೊಂದು ಘಟಕ ಕೇಳುತ್ತಿದ್ದೇವೆ. ಯಂತ್ರ ಬಂದರೆ ಅಕ್ಕನಂಥವರ ಕೂಲಿ ಹೋಗುವುದಿಲ್ಲವೇ ಎಂದು ಒಬ್ಬ ಅಧಿಕಾರಿ ಕೇಳಿದರು. ಬಣ್ಣಗೆಟ್ಟ ಬಿಳಿಗಾಯಿ ಆರಿಸಲು, ಪೊಟ್ಟಣ ಕಟ್ಟಲು ಕೈ ಬೇಕೇ ಬೇಕು. ಅಕ್ಕನನ್ನೇ ಕೇಳಿದೆ. ‘ನಮ್ಮ ಕಾಯಿ, ನಮ್ಮ ಗಿರಣಿ ಅಂದ್ರ ಅಲ್ಲೇ ಬಂದು ದುಡೀತೇನಿ’ ಎಂದಳು.

ಅಡವಿನ ಷರತ್ತು ಸಡಿಲಿಸಿ ನಮ್ಮ ಅರ್ಜಿ ಮಂಜೂರು ಮಾಡಿರಿ. ಘಟಕ ಕೊಡಿ. ಜನವರಿಗೆ ಮೊದಲ ಕಾಯಿ ಬಿಡಿಸಲು ಶುರುವಾಗುತ್ತದೆ, ಅಷ್ಟರೊಳಗೆ ಒಣಗಿಸುವ ಕಣವಾದರೂ ಆಗಲಿ. ಆ ಇಪ್ಪತ್ತು ಗುಂಟೆಯ ಮುಳ್ಳುಕಂಟಿ ಕಡಿದು ಹಸನು ಮಾಡಿಟ್ಟಿದ್ದೇವೆ. ನಿಮ್ಮ ಎಂಜಿನಿಯರನ್ನು ಕಳಿಸಿರಿ, ಹಗ್ಗ ಹಿಡಿದು ಅಳತೆ ಮಾಡಿಸಲು ನಾವೇ ನಿಲ್ಲುತ್ತೇವೆ.

ಇಂತಿ,
ಒಬ್ಬ ಮೆಣಸಿನಕಾಯಿ ಬೆಳೆಗಾರ