ಕೊಳೆತ ಕಾಯಿ ಸೀಳಿ ನೋಡಿದ ಕಾಕಾಗೆ ಥ್ಯಾಂಕ್ಸ್

ಕಾಕಾ, ನಿಮ್ಮ ಹೆಸರು ಕೇಳೋದೇ ಆಗಲಿಲ್ಲ. ಬೆಳಗಾವಿಯ ಶಹಾಪುರದ ಗೊಬ್ಬರದ ಅಂಗಡಿಯಲ್ಲಿ ನನ್ನ ಚೀಲದ ಪ್ಯಾಶನ್ ಫ್ರೂಟ್ ನೋಡಿ ನೀವಾಗಿಯೇ ಮಾತಾಡಿಸಿದ್ದಿರಲ್ಲ, ಅದಕ್ಕೆ ಈ ಥ್ಯಾಂಕ್ಸ್.

ಅಂಗಡಿಯವರು ಆಗಲೇ ದುಬಾರಿ ಔಷಧಿ ಬಾಟಲಿಯೊಂದನ್ನು ಕೈಗಿಡುತ್ತಿದ್ದರು. ನೀವು ಜೇಬಿನಿಂದ ಚಾಕು ತೆಗೆದು ಎರಡು ಕಾಯಿ ಸೀಳಿದಿರಿ. ಒಂದರ ಸಿಪ್ಪೆ ಮೇಲೆ ಗಟ್ಟಿ ಗಂಟು, ನಡುವೆ ಸೂಜಿಮೊನೆಯಷ್ಟು ತೂತು. ಅದು ಎಳೆಗಾಯಿ ಇದ್ದಾಗ ಹಣ್ಣಿನ ನೊಣ ಚುಚ್ಚಿದ ಗುರುತು, ಒಳಗೆ ತಿರುಳು ಚೆನ್ನಾಗಿಯೇ ಇತ್ತು. ಇನ್ನೊಂದರ ಮೇಲೆ ದುಂಡನೆ ಕಂದು ಕಲೆ, ತಗ್ಗು ಬಿದ್ದು ಸುತ್ತ ಸುಕ್ಕುಗಟ್ಟಿತ್ತು. ಅದು ಆಲ್ಟರ್ನೇರಿಯಾ ಶಿಲೀಂಧ್ರ. ಎರಡಕ್ಕೂ ಒಂದೇ ಔಷಧಿ ಹೊಡೆದರೆ ದುಡ್ಡು ದಂಡ ಅಲ್ವಾ?

ನಮ್ಮೂರಿನ ಜುಲೈ ಮಳೆ ಗೊತ್ತೇ ಇದೆ, ಜಿಟಿಜಿಟಿ ನಿಲ್ಲೋದಿಲ್ಲ, ಬಳ್ಳಿ ಚಪ್ಪರದ ಮೇಲೆ ಒತ್ತಾಗಿ ಹೆಣೆದುಕೊಂಡರೆ ಎಲೆ ಒಣಗೋದೇ ಇಲ್ಲ, ರೋಗಕ್ಕೆ ಅಷ್ಟೇ ಸಾಕು. ನೀವು ಹೇಳಿದಂತೆ ಜಾಸ್ತಿಯಾದ ಕುಡಿ ಕತ್ತರಿಸಿ ಗಾಳಿ ಆಡುವ ಹಾಗೆ ಮಾಡಿದೆ. ಉದುರಿದ ರೋಗದ ಕಾಯಿ, ಎಲೆ ಎಲ್ಲ ಆರಿಸಿ ದೂರ ಹಾಕಿದೆ, ಗೊಬ್ಬರದ ಗುಂಡಿಗೂ ಅಲ್ಲ. ಮಳೆ ಬಿಟ್ಟ ದಿನ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರ ತಡೆಯುವ ತಾಮ್ರದ ಪುಡಿ) ಬೆರೆಸಿ ಎಲೆಯ ಅಡಿಗೂ ತಾಗುವಂತೆ ಹೊಡೆದೆ. ಹಳೆ ಕಲೆ ಹೋಗಲ್ಲ ಅಂದಿದ್ದಿರಿ, ಹೋಗಲೂ ಇಲ್ಲ. ಹೊಸ ಕಾಯಿ ಮಾತ್ರ ನುಣ್ಣಗಿವೆ! ನೊಣ ಬರದಂತೆ ಎಳೆಗಾಯಿಗೆ ಹಳೆ ಸೊಳ್ಳೆಪರದೆಯ ಚೀಲ ಕಟ್ಟಿದ್ದೇನೆ, ಮನೆಯವರು ನಗುತ್ತಾರೆ, ನಗಲಿ.

ಮಾಗಿದ ಹಣ್ಣು ಉದುರೋಕೆ ಶುರುವಾಗಿದೆ ಕಾಕಾ. ಎಲ್ಲಾದರೂ ಸಿಕ್ಕರೆ ಒಂದು ಚೀಲ ನಿಮ್ಮ ಪಾಲು.