ಆಫರ್ ಲೆಟರ್ ಬಂತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಹೋದ ಗುರುವಾರ ಸಂಜೆ ಮೇಲ್ ಬಂತು, ಟ್ರೈನಿ ಫಸ್ಟ್ ಆಫೀಸರ್, ಅಂದ್ರೆ ಟ್ರೈನಿಂಗ್‌ನಲ್ಲಿರೋ ಕೋ-ಪೈಲಟ್ ಅಂತ ಸೆಲೆಕ್ಟ್ ಆಗಿದೀನಿ, ಏರ್‌ಬಸ್ ಎ320 ವಿಮಾನಕ್ಕೆ. ಆಗ ನಾನು ಕೆಲಸ ಮಾಡೋ ಕೊಬ್ಬರಿ ಮಂಡೀಲಿ ಲೆಕ್ಕ ಬರೀತಾ ಕೂತಿದ್ದೆ. ಮೇಲ್ ಎರಡು ಸಲ ಓದಿ, ಫೋನ್ ಮಗುಚಿಟ್ಟು, ಆ ಪೇಜಿನ ಲೆಕ್ಕ ಮುಗಿಸಿ ಆಮೇಲೆ ಅಪ್ಪಂಗೆ ಫೋನ್ ಮಾಡಿದೆ. ಕೈ ನಡುಗ್ತಾ ಇತ್ತು. ಅವತ್ತಿಂದ ಎಲ್ರೂ ಕಂಗ್ರಾಟ್ಸ್ ಹೇಳ್ತಾನೇ ಇದೀರ, ನಾನು ಹೇಳ್ಬೇಕಾಗಿರೋದು ಹಂಗೇ ಉಳ್ಕೊಂಡಿದೆ, ಸ್ವಲ್ಪ ಉದ್ದ ಆಗುತ್ತೆ, ಓದಿ.

ನಂಗೆ ಸಿಪಿಎಲ್, ಅಂದ್ರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಸಿಕ್ಕಿದ್ದು 2020ರ ಜನವರೀಲಿ. 200 ಗಂಟೆ ಹಾರಿಸಿ, ವಿಮಾನಯಾನ ನೋಡ್ಕೊಳ್ಳೋ ಡಿಜಿಸಿಎಯ ಪೇಪರ್ ಎಲ್ಲ ಪಾಸ್ ಮಾಡ್ಕೊಂಡು ತಿಪಟೂರಿಗೆ ಬಂದ್ರೆ ಮಾರ್ಚ್ 25ಕ್ಕೆ ದೇಶದೊಳಗಿನ ಫ್ಲೈಟ್‌ಗಳೇ ನಿಂತೋದ್ವು. ಮೇ 25ಕ್ಕೆ ಮತ್ತೆ ಶುರುವಾದ್ವು ನಿಜ, ಆದ್ರೆ ಇರೋ ಪೈಲಟ್‌ಗಳಿಗೇ ಕೆಲಸ ಇಲ್ದಿದ್ದಾಗ ಹೊಸಬ್ರನ್ನ ಯಾರು ತಗೋತಾರೆ. ಹೊರಗಿನೋರಿಗೆ ಗೊತ್ತಿರಲ್ಲ, ಲೈಸೆನ್ಸ್ ತಗೊಂಡು ಬೀರೂಲಿ ಇಟ್ರೆ ಆಗಲ್ಲ, ವರ್ಷ ವರ್ಷ ಕ್ಲಾಸ್ ಒನ್ ಮೆಡಿಕಲ್ ಮಾಡಿಸ್ಬೇಕು, ಹೊರಗೆ ಕಾಣದಿದ್ರೂ ಮೀಟರ್ ನೋಡಿ ಹಾರಿಸೋ ಇನ್‌ಸ್ಟ್ರುಮೆಂಟ್ ರೇಟಿಂಗ್ ರಿನ್ಯೂ ಮಾಡಿಸ್ಬೇಕು, ಸಂಬಳ ಇಲ್ದೇ ಇದ್ರೂ ಖರ್ಚು ನಿಲ್ಲಲ್ಲ. ಅಪ್ಪ ಆಗ್ಲೇ ತೋಟದ ಮೇಲೆ ಸಾಲ ಮಾಡಿದ್ರು. ಆದ್ರೂ ಪ್ರತಿ ವರ್ಷ ನಾನು ಕೇಳೋಕ್ಕೆ ಮುಂಚೆ ಅವರೇ "ಯಾವಾಗ್ಲಾ ಮೆಡಿಕಲ್ಲು?" ಅಂತ ಕೇಳೋರು. ಒಂದು ಸಲಾನೂ ಬಿಟ್ಬಿಡು ಅನ್ಲಿಲ್ಲ. ಅಪ್ಪ, ಥ್ಯಾಂಕ್ಸ್ ಅಂದ್ರೆ ಬೈತೀರ, ಆದ್ರೂ ಹೇಳ್ತೀನಿ.

ಮೊದಲನೇ ಇಂಟರ್‌ವ್ಯೂ 2022ರಲ್ಲಿ. ರಿಟನ್ ಆಯ್ತು, ಕಂಪ್ಯೂಟರ್ ಟೆಸ್ಟ್ ಆಯ್ತು, ಟೆಕ್ನಿಕಲ್‌ನಲ್ಲಿ ಹೋಯ್ತು. ವಿ1 ಅಂದ್ರೇನು ಅಂದ್ರು, ಟೇಕಾಫ್ ನಿಲ್ಲಿಸೋ ತೀರ್ಮಾನ ತಗೊಳ್ಳೋಕೆ ಇರೋ ಕೊನೇ ಸ್ಪೀಡ್ ಅದು, ಪುಸ್ತಕದಲ್ಲಿ ಇರೋದನ್ನ ಒಂದಕ್ಷರ ಬಿಡ್ದೇ ಹೇಳ್ದೆ. ರನ್‌ವೇ ಒದ್ದೆ ಇದ್ರೆ ವಿ1 ಕಮ್ಮಿ ಆಗುತ್ತಾ ಜಾಸ್ತಿ ಆಗುತ್ತಾ, ಯಾಕೆ ಅಂದ್ರು, ಬಾಯಿ ಕಟ್ಟೋಯ್ತು.

ಆಮೇಲೆ ಸೀನಿಯರ್ ಒಬ್ರು ಮೈಸೂರಲ್ಲಿರೋ ರಿಟೈರ್ಡ್ ಕ್ಯಾಪ್ಟನ್ ನಂಬರ್ ಕೊಟ್ರು. ಸರ್ ಫೋನಲ್ಲೇ ಹತ್ತು ನಿಮಿಷ ಪ್ರಶ್ನೆ ಕೇಳಿ, "ಎಲ್ಲಾ ಬಾಯಿಪಾಠ ಮಾಡಿದೀಯ ಕಣಪ್ಪ. ಇವತ್ತಿಂದ ದಿನಾ ಒಂದು ವಿಷಯ ನಿಮ್ಮಮ್ಮಂಗೆ ಕನ್ನಡದಲ್ಲಿ ಹೇಳು, ಅವರು ಏನು ಕೇಳಿದ್ರು ಅಂತ ನಂಗೆ ಹೇಳು" ಅಂದ್ರು. ಒಂದು ರೂಪಾಯಿ ತಗೊಳ್ದೇ ಹೆಚ್ಚೂಕಮ್ಮಿ ಎರಡು ವರ್ಷ ನನ್ನ ಫೋನ್ ಎತ್ತಿದಾರೆ. ಸರ್, ನಿಮ್ಮ ಋಣ ದೊಡ್ಡದು.

ಅಮ್ಮನ ವಿಷಯ ಬರೀಲೇಬೇಕು. ರಾತ್ರಿ ಊಟ ಆದ್ಮೇಲೆ ಅವಳು ಸೊಪ್ಪು ಬಿಡಿಸ್ತಾ ಕೂರೋಳು, ನಾನು ಹೇಳ್ತಾ ಹೋಗೋದು. ವಿ1 ಆದ್ಮೇಲೆ ಇಂಜಿನ್ ಕೆಟ್ರೂ ಟೇಕಾಫ್ ನಿಲ್ಸಲ್ಲ ಅಂದಾಗ ಗಾಬರಿಯಾದ್ಲು. ನಿಲ್ಸೋಕೆ ಮುಂದೆ ರನ್‌ವೇ ಸಾಕಾಗಲ್ಲಮ್ಮ, ಇನ್ನೊಂದು ಇಂಜಿನ್ನಲ್ಲಿ ಮೇಲೆ ಹೋಗಿ ಸುಧಾರಿಸ್ಕೊಂಡು ವಾಪಸ್ ಬರಬಹುದು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ಮಳೇಲಿ? ನಿಮ್ಮಪ್ಪನ ಸ್ಕೂಟರ್ರೇ ಒದ್ದೆ ರೋಡಲ್ಲಿ ಬೇಗ ನಿಲ್ಲಲ್ಲ, ನೀನು ಇನ್ನೂ ಮುಂಚೇನೇ ತೀರ್ಮಾನ ಮಾಡ್ಬೇಕಲ್ವೇನೋ?" ಅಂದ್ಲು. ಅದೇ ಆನ್ಸರ್. ಅದಕ್ಕೇ ಒದ್ದೆ ರನ್‌ವೇಗೆ ವಿ1 ಕಮ್ಮಿ ಇಡೋದು. 2022ರಲ್ಲಿ ಆ ರೂಮಲ್ಲಿ ನಂಗೆ ಬರದೇ ಇದ್ದಿದ್ದನ್ನ ಅಮ್ಮ ಸೊಪ್ಪಿನ ಮುಂದೆ ಕೂತು ಹೇಳಿದ್ಲು, ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಸಿಮ್ಯುಲೇಟರ್‌ನಲ್ಲಿ ಹಾರಿಸಿ ತೋರಿಸೋ ಪರೀಕ್ಷೆ, ಅದೇ ಸಿಮ್ ಚೆಕ್‌ಗೆ ಅಂತ ಬೀರು ಮೇಲೆ ಕಾಕ್‌ಪಿಟ್ ಪೋಸ್ಟರ್ ಅಂಟಿಸಿದ್ದೆ. ಪ್ಲಾಸ್ಟಿಕ್ ಚೇರು, ಪಕ್ಕದಲ್ಲಿ ಸ್ಟೂಲ್ ಮೇಲೆ ಡಬ್ಬಿ, ಅದೇ ಇಂಜಿನ್ ಪವರ್ ಹೆಚ್ಚುಕಮ್ಮಿ ಮಾಡೋ ಥ್ರಸ್ಟ್ ಲಿವರ್. ಅಮ್ಮ ಪಕ್ಕದ ಚೇರಲ್ಲಿ ಕೂತು "ಹಂಡ್ರೆಡ್", "ವಿ1", "ರೊಟೇಟ್", "ಪಾಸಿಟಿವ್ ಕ್ಲೈಂಬ್" ಅಂತ ಟೇಕಾಫಲ್ಲಿ ಕೂಗೋದನ್ನೆಲ್ಲ ಕರೆಕ್ಟ್ ಟೈಮಿಗೆ ಕೂಗೋಳು, ನಾನು "ಗೇರ್ ಅಪ್", ಅಂದ್ರೆ ಚಕ್ರ ಮೇಲೆ, ಅನ್ನೋದು. ವಿ1 ಅಂದ ತಕ್ಷಣ ಲಿವರ್ ಮೇಲಿಂದ ಕೈ ತೆಗೀಬೇಕು, ಯಾಕಂದ್ರೆ ಆಮೇಲೆ ನಿಲ್ಸೋ ಮಾತೇ ಇಲ್ಲ. ನಾನು ಮರೆತ್ರೆ "ವಿ1 ಅಂದೆ, ಕೈ ತೆಗಿ" ಅನ್ನೋಳು.

ತಂಗಿಗೆ ಬೇರೆ ಥ್ಯಾಂಕ್ಸ್. ಹಾರಿಸಿದ ಗಂಟೆ ಬರೆಯೋ ನನ್ನ ಲಾಗ್‌ಬುಕ್ಕಿನ ಪ್ರತಿ ಪೇಜೂ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂಡಿದ್ಲು, ನೈಟ್ ಕಾಲಮ್ಮಲ್ಲಿ ಹತ್ತು ನಿಮಿಷ ಮುಂದಿನ ಪೇಜಿಗೆ ತಪ್ಪಾಗಿ ಹೋಗಿದ್ದು ಅವಳಿಗೇ ಸಿಕ್ಕಿದ್ದು. ಸರಿಯಾಗಿ ತಿದ್ದಿ ಸೈನ್ ಮಾಡಿಸ್ಕೊಂಡು ಹೋಗಿದ್ದೆ. ಈ ಸಲ ಗುರುಗ್ರಾಮದಲ್ಲಿ ಇಂಟರ್‌ವ್ಯೂ ಶುರುವಾಗಿದ್ದೇ ಲಾಗ್‌ಬುಕ್ ತಿರುವಿ ಹಾಕೋದ್ರಿಂದ ಪುಟ್ಟಿ, ನಿಂಗೆ ಹೇಳಿರ್ಲಿಲ್ಲ.

ಎದುರಿಗೆ ಇಬ್ರು ಕ್ಯಾಪ್ಟನ್‌ಗಳು. ಬೆಂಗಳೂರಲ್ಲಿ ಬೇಸಿಗೆ ಮಧ್ಯಾಹ್ನ 34 ಡಿಗ್ರಿ ಇದೆ, ಟೇಕಾಫ್ ಬಗ್ಗೆ ಏನು ಹೇಳ್ತೀಯ ಅಂದ್ರು. ಊರು ಇರೋದೇ ಸುಮಾರು 3000 ಅಡಿ ಮೇಲೆ, ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ಟೆಂಪರೇಚರ್ 9 ಡಿಗ್ರಿ, ಅಂದ್ರೆ 25 ಡಿಗ್ರಿ ಜಾಸ್ತಿ, ಡಿಗ್ರಿಗೆ 120 ಅಡಿ ಹಾಕಿದ್ರೆ ಇನ್ನೊಂದು 3000, ಹಂಗಾಗಿ ಡೆನ್ಸಿಟಿ ಆಲ್ಟಿಟ್ಯೂಡ್, ಅಂದ್ರೆ ವಿಮಾನಕ್ಕೆ ಆ ಗಾಳಿ ಎಷ್ಟು ಎತ್ತರದ್ದು ಅನ್ಸುತ್ತೋ ಅದು, 6000 ಅಡಿ ಹತ್ರ, ಗಾಳಿ ತೆಳು, ಇಂಜಿನ್ ಎಳೆಯೋದೂ ಕಮ್ಮಿ, ರೆಕ್ಕೆ ಎತ್ತೋದೂ ಕಮ್ಮಿ, ರನ್‌ವೇ ಉದ್ದ ಬೇಕು ಅಂತ ಇಂಗ್ಲಿಷಲ್ಲೇ ಹೇಳ್ದೆ, ಆದ್ರೆ ತಲೇಲಿ ಓಡ್ತಾ ಇದ್ದಿದ್ದು ಅಮ್ಮಂಗೆ ಹೇಳಿದ ಕನ್ನಡ.

ಎಚ್‌ಆರ್ ಮೇಡಂ ಇಷ್ಟು ವರ್ಷ ಗ್ಯಾಪ್ ಏನ್ ಮಾಡ್ತಿದ್ರಿ ಅಂದ್ರು. ನಾನು ಭಯ ಪಟ್ಟಿದ್ದ ಪ್ರಶ್ನೆ ಅದೊಂದೇ. ಕೊಬ್ಬರಿ ಮಂಡೀಲಿ ಗುಮಾಸ್ತನ ಕೆಲಸ ಅಂತ ಇದ್ದಿದ್ದನ್ನ ಇದ್ದಂಗೆ ಹೇಳ್ದೆ. ನಮ್ಮ ಮಂಡೀಲಿ ಹಮಾಲಿ ಅಣ್ಣ "ನಲವತ್ತೆರಡು ಆರ್ನೂರು" ಅಂತ ತೂಕ ಕೂಗಿದ್ರೆ ನಾನು ಅದನ್ನೇ ವಾಪಸ್ ಕೂಗಿ, ಅವರು ಹೂಂ ಅಂದ ಮೇಲೇ ಬರೀಬೇಕು, ಇಲ್ಲಾಂದ್ರೆ ರೈತಂಗೆ ಮೋಸ ಆಗುತ್ತೆ. ಏರ್ ಟ್ರಾಫಿಕ್ ಕಂಟ್ರೋಲ್‌ನೋರು ಹೇಳಿದ್ದನ್ನ ವಾಪಸ್ ಹೇಳಿ ರೀಡ್‌ಬ್ಯಾಕ್ ಕೊಡೋದೂ ಅದೇ ತಾನೇ, ಅಂತ ಹೇಳ್ದೆ. ಒಬ್ರು ಕ್ಯಾಪ್ಟನ್ ಪೆನ್ ಕೆಳಗಿಟ್ಟು ಇನ್ನೂ ಹೇಳಿ ಅಂದ್ರು. ಮಂಡಿ ಯಜಮಾನ್ರೇ, ಹಮಾಲಿ ಅಣ್ಣಂದಿರೇ, ಪರೀಕ್ಷೆ ಅಂದಾಗೆಲ್ಲ ರಜೆ ಕೊಟ್ರಿ, ನನ್ನ ಕೆಲಸಾನೂ ನೀವೇ ಮಾಡಿದ್ರಿ, ನಿಮ್ಮನ್ನ ಮರೆಯಲ್ಲ.

ಇನ್ನೊಬ್ಬ ಫ್ರೆಂಡ್ ಇದಾನೆ, ಹೆಸರು ಬರಿಯೋದು ಬೇಡ ಅಂದಿದಾನೆ. ಸಿಮ್ ಬಾಡಿಗೆಗೆ ಇಬ್ರೂ ದುಡ್ಡು ಹಾಕಿ ಎರಡು ಗಂಟೆ ತಗೊಂಡಿದ್ವಿ, ಒಂದು ಗಂಟೆ ನಾನು ಹಾರಿಸೋದು, ಒಂದು ಗಂಟೆ ಅವನು. ನನ್ನ ಇಂಜಿನ್ ಫೇಲ್ಯೂರ್ ಸರಿಯಾಗ್ಲಿಲ್ಲ ಅಂತ ಅವನ ಟೈಮಲ್ಲಿ ಇಪ್ಪತ್ತು ನಿಮಿಷ ನಂಗೆ ಬಿಟ್ಕೊಟ್ಟ. ಈ ಸಲ ಅವನಿಗೆ ಆಗ್ಲಿಲ್ಲ. ಆದ್ರೂ ನನ್ನ ರಿಸಲ್ಟ್ ಗೊತ್ತಾದ ದಿನ ರಾತ್ರಿ ಬಸ್ ಹತ್ತಿ ತಿಪಟೂರಿಗೆ ಬಂದ. ಮುಂದಿನ ರೌಂಡಿಗೆ ನನ್ನ ಮೊದಲನೇ ಸಂಬಳದಲ್ಲಿ ನಿನ್ನ ಸಿಮ್ ಟೈಮ್ ಬುಕ್ ಆಗುತ್ತೆ ಕಣೋ, ಬೇಡ ಅನ್ಬೇಡ.

ಸೋಮವಾರದಿಂದ ಎ320 ಹಾರಿಸೋಕೆ ಬೇಕಾದ ಟೈಪ್ ರೇಟಿಂಗ್ ಕ್ಲಾಸು. ಪೋಸ್ಟರ್ ತೆಗೆಯೋಕೆ ಹೋದೆ, ಅಮ್ಮ ಬೇಡ ಅಂದ್ಲು. ಅರಸೀಕೆರೆಯ ಜೂನಿಯರ್ ಹುಡುಗಿ ಒಬ್ಬಳಿಗೆ ಮುಂದಿನ ತಿಂಗಳು ಇಂಟರ್‌ವ್ಯೂ ಇದೆ, ಭಾನುವಾರದಿಂದ ನಮ್ಮನೇಗೆ ಬಾ ಅಂತ ಅಮ್ಮನೇ ಫೋನ್ ಮಾಡಿ ಹೇಳಿದಾಳೆ.