ರಕ್ತ ಬೇರೆಯಾದರೂ ಕೂಡಿ ಬಾಳಿದವರು ಉಂಟು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ವಿಜ್ಞಾನ ಕತೆಯನ್ನು ಎರಡು ಸಲ ಓದಿದೆ. ಲಕ್ಷ ವರ್ಷ ಕಳೆದಿದೆ. ಭೂಮಿಯ ಹುಡುಗಿ, ದೂರದ ನಕ್ಷತ್ರದ ಬಳಿ ಬೆಳೆದ ಹುಡುಗ. ಅಷ್ಟರಲ್ಲಿ ಮನುಷ್ಯಕುಲವೇ ಎರಡಾಗಿದೆ. ‘ರಕ್ತ ಬೇರೆ, ಹೊಂದುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ಇಬ್ಬರನ್ನೂ ಅಗಲಿಸಿ ಕತೆ ಮುಗಿಸಿದ್ದಾರೆ. ಆ ಸಾಲು ಓದಿ ನನಗೆ ತುಂಬಾ ಬೇಜಾರಾಯಿತು. ನಮ್ಮೂರಲ್ಲಿ ಮದುವೆ ಮಾತುಕತೆ ಮುರಿಯುವಾಗ ಈ ಮಾತನ್ನು ಬೇಕಾದಷ್ಟು ಕೇಳಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕಿದ ಎಲುಬಿನ ಸುದ್ದಿ 2018ರಲ್ಲಿ ಬಂತು. ಸುಮಾರು 90,000 ವರ್ಷ ಹಿಂದಿನ ಹುಡುಗಿ. ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್. ಎರಡೂ ಈಗ ಅಳಿದುಹೋಗಿರುವ ಹಳೆಯ ಮನುಷ್ಯಕುಲಗಳು. ಅವು ಕವಲೊಡೆದು ಆಗಲೇ ಲಕ್ಷಗಟ್ಟಲೆ ವರ್ಷವಾಗಿತ್ತು! ಎಲುಬಿನ ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೇ. ಸೀಮೆಸುಣ್ಣವನ್ನು ಅಷ್ಟುದ್ದಕ್ಕೆ ಮುರಿದು ಕ್ಲಾಸಿನಲ್ಲಿ ಕೈಯಿಂದ ಕೈಗೆ ದಾಟಿಸಿದೆ. ಕೊನೇ ಬೆಂಚಿನ ಹುಡುಗಿ ಅದನ್ನು ಅಂಗೈಯಲ್ಲಿಟ್ಟುಕೊಂಡು, “ಟೀಚರ್, ಅವಳ ಅಪ್ಪ ಅಮ್ಮನಿಗೆ ಒಬ್ಬರ ಮಾತು ಒಬ್ಬರಿಗೆ ಅರ್ಥ ಆಗ್ತಿತ್ತಾ?” ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಕತೆಗಾರರು ಹುಡುಕಬೇಕಾದ್ದು ಅದನ್ನೇ ಅಲ್ವಾ?

ದೇಹಗಳು ಹೊಂದದೇ ಹೋಗುವ ಕಾಲವೂ ಬರಬಹುದು, ಒಪ್ಪುತ್ತೇನೆ. ಆದರೆ ಅಗಲಿಸಲು ಅಷ್ಟು ದೂರ ಹೋಗಬೇಕಾಗಿಲ್ಲ. ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾಕ್ಕೆ ಬೆಳಕು ಹೋಗಲು 4.2 ವರ್ಷ ಬೇಕು. ‘ಊಟ ಆಯ್ತಾ?’ ಎಂದು ಕೇಳಿದರೆ ‘ಆಯ್ತು’ ಎಂಬ ಉತ್ತರ ಬರಲು ಎಂಟು ವರ್ಷ ದಾಟುತ್ತದೆ. ನನ್ನ ಯಜಮಾನರು ಹಡಗಿನ ಕೆಲಸದಲ್ಲಿದ್ದರು. ಮಗಳಿಗೆ ಹಲ್ಲು ಬಂತು ಎಂದು ಮಲ್ಪೆಯಿಂದ ಬರೆದ ಕಾಗದಕ್ಕೆ ಉತ್ತರ ಬರುವಾಗ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಹಲ್ಲು ಎಷ್ಟು ಬಂತು ಎಂದು ಅವರು ಅದರಲ್ಲಿ ಕೇಳಿದ್ದರು. ಆ ಕಾಗದ ಹಿಡಿದು ಸುಮ್ನೆ ಕೂತಿದ್ದೆ.

ಆ ಕತೆಗಾರರಿಗೆ ಒಳ್ಳೆಯ ಕೈ ಇದೆ. ಇನ್ನೊಂದು ಬರೆಸಿ. ಪ್ರೇಮಿಗಳು ಅಗಲಲೇಬೇಕಾದರೆ ಅಗಲಲಿ, ಆದರೆ ರಕ್ತದ ಮೇಲೆ ಹಾಕುವುದು ಬೇಡ.

— ನಿವೃತ್ತ ಶಿಕ್ಷಕಿ, ಮಲ್ಪೆ, ಉಡುಪಿ